ಯೂರಿಯಾವೂ ‘ಆರ್ಗ್ಯಾನಿಕ್’!

ಯೂರಿಯಾ ಆರ್ಗ್ಯಾನಿಕ್ ಎಂದರೆ ನಂಬುತ್ತೀರಾ? ತಮಾಷೆ ಅಲ್ಲ, ಕಾಲೇಜಿನ ರಸಾಯನಶಾಸ್ತ್ರ ಪುಸ್ತಕದಲ್ಲಿ ಹಾಗೇ ಉಂಟು. ಆದರೆ ಸಾವಯವ ಕೃಷಿಯಲ್ಲಿ ಚೀಲದ ಯೂರಿಯಾಕ್ಕೆ ಪ್ರವೇಶ ಇಲ್ಲ. ಶಬ್ದ ಒಂದೇ, ಅರ್ಥ ಬೇರೆ ಬೇರೆ. ಈ ಶಬ್ದ ನೋಡಿ ದುಡ್ಡು ಕೊಡುವವರು ನಾವು. ವ್ಯತ್ಯಾಸ ತಿಳಿದಿದ್ದರೆ ಒಳ್ಳೆಯದು.

ಆರ್ಗನ್ ಅಂದರೆ ಅವಯವ. ನಮ್ಮ ‘ಸಾವಯವ’ವೂ ಅದೇ, ಅವಯವ ಸಹಿತವಾದದ್ದು. ಜೀವಿಗಳಿಂದ ಸಿಗುವ ವಸ್ತುಗಳನ್ನು ವಿಜ್ಞಾನಿಗಳು ಮೊದಲು ಆರ್ಗ್ಯಾನಿಕ್ ಎಂದರು. ಅವನ್ನು ಜೀವಿಯಷ್ಟೇ ತಯಾರಿಸಬಲ್ಲದು ಎಂಬ ನಂಬಿಕೆ ಆಗ ಇತ್ತು. 1828ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್, ಮೂತ್ರದಲ್ಲಿರುವ ಯೂರಿಯಾವನ್ನೇ ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಿದರು. ನಂಬಿಕೆ ಸಡಿಲವಾಯಿತು, ಹೆಸರು ಮಾತ್ರ ಉಳಿಯಿತು. ಈಗ ರಸಾಯನಶಾಸ್ತ್ರದಲ್ಲಿ ಇಂಗಾಲದ ಸಂಯುಕ್ತಗಳು ಹೆಚ್ಚುಕಡಿಮೆ ಎಲ್ಲವೂ ಆರ್ಗ್ಯಾನಿಕ್. ಸಕ್ಕರೆ, ಎಣ್ಣೆ, ಪ್ಲಾಸ್ಟಿಕ್ ಎಲ್ಲ ಸೇರಿತು. ಕಾಸರಗೋಡಿನ ಗೇರುತೋಪುಗಳಿಗೆ ಆಕಾಶದಿಂದ ಸಿಂಪಡಿಸಿದ, 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧಿಸಿದ ಎಂಡೋಸಲ್ಫಾನ್ ಕೂಡ!

ಕೃಷಿಯ ‘ಆರ್ಗ್ಯಾನಿಕ್’ ಬಂದದ್ದು ಬೇರೆ ದಾರಿಯಲ್ಲಿ. ಇಂಗ್ಲೆಂಡಿನ ಲಾರ್ಡ್ ನಾರ್ತ್‌ಬೋರ್ನ್ 1940ರ ತಮ್ಮ ಪುಸ್ತಕದಲ್ಲಿ ಜಮೀನನ್ನೇ ಒಂದು ಜೀವಿಗೆ ಹೋಲಿಸಿದರು. ಮಣ್ಣು, ಗಿಡ, ದನ, ಎರೆಹುಳ, ಮನುಷ್ಯ ಎಲ್ಲ ಅದರ ಅವಯವಗಳು ಅನ್ನಿ. ಒಂದು ಇನ್ನೊಂದನ್ನು ಸಾಕುತ್ತದೆ. ಇದು ಉಪಮೆ. ಇಲ್ಲಿ ಮಾತು ಇರುವುದು ವಸ್ತುವಿನ ರಚನೆಯ ಬಗ್ಗೆ ಅಲ್ಲ, ಜಮೀನು ನಡೆಸುವ ಕ್ರಮದ ಬಗ್ಗೆ.

ಹಾಗಾಗಿಯೇ ಲೆಕ್ಕ ತಿರುವುಮುರುವು. ಮೈಲುತುತ್ತು, ಸುಣ್ಣ ಎರಡೂ ರಸಾಯನಶಾಸ್ತ್ರಕ್ಕೆ ‘ನಿರವಯವ’. ಆದರೂ ಬೋರ್ಡೋ ದ್ರಾವಣಕ್ಕೆ ಸಾವಯವ ನಿಯಮಗಳಲ್ಲಿ ಮಿತಿಯೊಳಗೆ ಅವಕಾಶ ಉಂಟು. ‘ಸಾವಯವ’ ಯೂರಿಯಾ ಮಾತ್ರ ಹೊರಗೆ.

ಇನ್ನು ಮಣ್ಣು ಪರೀಕ್ಷೆಯ ಚೀಟಿಯ ‘ಸಾವಯವ ಇಂಗಾಲ’. ಇದು ಸೊಪ್ಪು, ಬೇರು, ಸಗಣಿ, ಸೂಕ್ಷ್ಮಜೀವಿ ಕಳಿತು ಮಣ್ಣಲ್ಲಿ ಉಳಿದ ಇಂಗಾಲ. ಶೇ. 0.5ಕ್ಕಿಂತ ಕೆಳಗಿದ್ದರೆ ಕಮ್ಮಿ, 0.75 ದಾಟಿದರೆ ಜಾಸ್ತಿ ಎಂದು ಲೆಕ್ಕ. ರಾಸಾಯನಿಕ ಬಳಸಿಲ್ಲ ಎಂಬುದಕ್ಕೆ ಇದು ಸರ್ಟಿಫಿಕೇಟ್ ಅಲ್ಲ. ರಸಗೊಬ್ಬರದ ಜತೆಗೆ ಸೊಪ್ಪು, ಹಟ್ಟಿಗೊಬ್ಬರ ಹಾಕುವ ತೋಟದಲ್ಲೂ ಇದು ಚೆನ್ನಾಗಿರಬಹುದು. ರಸಗೊಬ್ಬರ ಮುಟ್ಟದೆಯೂ ತರಗೆಲೆಗೆಲ್ಲ ಬೆಂಕಿ ಕೊಡುವವರ ಮಣ್ಣಲ್ಲಿ ಕಮ್ಮಿ ಇರಬಹುದು.

ಅಂಗಡಿಯಲ್ಲಿ ‘ಇದು ಆರ್ಗ್ಯಾನಿಕ್, ಹಾಕಿ’ ಎಂದರೆ ಹೂಂಗುಟ್ಟಬೇಡಿ. ಯಾವ ಅರ್ಥದಲ್ಲಿ ಎಂದು ಕೇಳಿ. ಒಳಗೆ ಏನುಂಟು, ಯಾವುದರಿಂದ ಮಾಡಿದ್ದು, ಸಾವಯವ ಕೃಷಿಗೆ ಆಗುತ್ತದೆ ಎಂದು ಪ್ರಮಾಣೀಕರಿಸಿದವರು ಯಾರು? ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ ಕಿಸೆಗೆ ಕೈ ಹಾಕಿದರೆ ಸಾಕು.