ಹಾಡುವ ಹಲಗೆಗೆ ಒಂದು ಗೂಡು

ಗೃಹಸ್ಥನಿಗೆ ಮನೆಯೆಂತೋ ಯಂತ್ರಕ್ಕೆ ಪೆಟ್ಟಿಗೆಯಂತೆ. ಒಳಗಿನ ವಸ್ತು ಎಷ್ಟೇ ಉತ್ತಮವಾಗಿದ್ದರೂ ಅದರ ಗೂಡು ತಕ್ಕುದಾಗಿಲ್ಲದಿದ್ದರೆ ಬಹುಕಾಲ ಬಾಳದು. ಬಾಳಿದರೂ ಉಪಯೋಗಕ್ಕೆ ಬಾರದು. ಈ ಮಾತನ್ನು ನಾವು ಎರಡು ಪೆಟ್ಟಿಗೆಗಳಲ್ಲಿ ತಪ್ಪಿ ಮೂರನೆಯದರಲ್ಲಿ ಕಲಿತೆವು. ಆ ಶ್ರಮವು ವಾಚಕರಿಗಾದರೂ ತಪ್ಪಲೆಂದು ಈ ಲೇಖನವನ್ನು ಬರೆಯಲುದ್ಯುಕ್ತರಾಗಿದ್ದೇವೆ.

ನಮ್ಮ ವಾಸವು ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿರುವ ಕಾಮಗೆರೆಯಲ್ಲಿ. ಮಲೆ ಮಹದೇಶ್ವರನ ಬೆಟ್ಟಕ್ಕೆ ನಡೆದುಹೋಗುವ ಪರಸೆಯವರು ಈ ದಾರಿಯಲ್ಲಿಯೇ ಹಾದುಹೋಗುವರು. 1988ರಲ್ಲಿ ಒಂದು ರಾತ್ರಿ ಕಂಸಾಳೆಯವರು ನಮ್ಮ ಜಗುಲಿಯಲ್ಲಿ ಕುಳಿತು ಮಾದಪ್ಪನ ಕಥೆಯನ್ನು ಹಾಡಿದರು. ನಮ್ಮ ತಂದೆಯವರು ಅದನ್ನು ಟೇಪಿನಲ್ಲಿ ಹಿಡಿದಿಟ್ಟರು. ಹಾಡು ಮುಗಿದಮೇಲೆ "ಇವರಿಗೆಲ್ಲ ಕಾಫಿ ಕೊಡು" ಎಂದು ಅವರು ಒಳಮನೆಯ ಕಡೆಗೆ ಕೂಗಿ ಹೇಳಿದ ಮಾತೂ ಆ ಟೇಪಿನಲ್ಲಿ ಉಳಿದಿದೆ. ಅವರು ಗತಿಸಿ ಹನ್ನೊಂದು ವರ್ಷವಾಯಿತು. ಅವರ ಧ್ವನಿಯೆಂದು ಮನೆಯಲ್ಲಿ ಉಳಿದಿರುವುದು ಅಷ್ಟೇ.

ನಮ್ಮ ತಾಯಿಯವರಿಗೆ ಈಗ ಎಂಬತ್ತನಾಲ್ಕು ವರ್ಷ. ದೃಷ್ಟಿ ಬಹಳ ಮಂದವಾಗಿದೆ. ಟೇಪನ್ನು ಮೊಬೈಲಿಗೆ ಇಳಿಸಿ ಕೊಟ್ಟೆವು. ಆದರೆ ಅದರ ನುಣುಪಾದ ಗಾಜಿನ ಮೇಲೆ ಬೆರಳಿಗೆ ಗುರುತು ಸಿಕ್ಕದು. "ತಿರುಗಿಸೋದು ಎಲ್ಲಪ್ಪಾ ಇದ್ರಲ್ಲಿ?" ಎಂದು ಅವರು ಕೇಳಿದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಬೆಂಗಳೂರಿನಲ್ಲಿರುವ ನಮ್ಮ ಮಗನು ಈ ಸಂಗತಿಯನ್ನು ಕೇಳಿ ಒಂದು ಪುಟ್ಟ ಗಣಕಯಂತ್ರವನ್ನು ಕಳುಹಿಸಿದನು.

ಈ ಗಣಕಕ್ಕೆ ರಾಸ್ಪ್‌ಬೆರಿ ಪೈ ಎಂದು ಹೆಸರು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹುಟ್ಟಿದ ಇದು ಮೊದಲು ಮಾರಾಟಕ್ಕೆ ಬಂದುದು 2012ರ ಫೆಬ್ರವರಿ 29ರಂದು. ಗಣಕದ ಸಕಲ ಅಂಗಗಳೂ ಒಂದೇ ಹಲಗೆಯ ಮೇಲಿರುವುವು. ಹಲಗೆಯ ಉದ್ದ 85 ಮಿಲಿಮೀಟರು, ಅಗಲ 56. ವಾಲ್ಯುಮಿಯೊ, ಮೂಡ್ ಮೊದಲಾದ ತಂತ್ರಾಂಶಗಳಲ್ಲೊಂದನ್ನು ಚಿಕ್ಕ ಮೆಮೊರಿ ಕಾರ್ಡಿಗೆ ತುಂಬಿ ಇದಕ್ಕೆ ಸೇರಿಸಿದರೆ, ನಾವು ಕೂಡಿಟ್ಟ ಹಾಡುಗಳನ್ನೂ ಅಂತರಜಾಲದ ಬಾನುಲಿಗಳನ್ನೂ ಇದು ನುಡಿಸಬಲ್ಲುದು. ಧ್ವನಿಯು ಶುದ್ಧವಾಗಿ ಹೊರಡಬೇಕಾದರೆ ಡ್ಯಾಕ್ ಎಂಬ ಇನ್ನೊಂದು ಹಲಗೆಯನ್ನು ಇದರ 40 ಲೋಹದ ಕಡ್ಡಿಗಳ ಮೇಲೆ ಕೂರಿಸತಕ್ಕದ್ದು. ಅಂಕೆಗಳ ರೂಪದಲ್ಲಿರುವ ಹಾಡನ್ನು ಆಂಪ್ಲಿಫೈಯರಿಗೆ ಬೇಕಾದ ವಿದ್ಯುತ್ತರಂಗವಾಗಿ ಮಾರ್ಪಡಿಸುವುದು ಡ್ಯಾಕಿನ ಕೆಲಸ. ಈ ಎರಡು ಹಲಗೆಗಳೂ ಬತ್ತಲೆಯಾಗಿಯೇ ಬರುತ್ತವೆ. ಗೂಡನ್ನು ನಾವೇ ಆರಿಸಬೇಕು.

ನಾವು ಮೊದಲು ಕೊಂಡುದು ಪ್ಲಾಸ್ಟಿಕ್ಕಿನ ಒಂದು ಅಂದವಾದ ಪೆಟ್ಟಿಗೆ. ಅದು ಬರಿಯ ಗಣಕಕ್ಕೆ ಮಾಡಿದುದು. ಡ್ಯಾಕನ್ನು ಕೂರಿಸಿದೊಡನೆ ಮುಚ್ಚಳವು ಮುಚ್ಚದಾಯಿತು. ತೆರೆದೇ ಇಟ್ಟೆವು, ವಾರ ಕಳೆಯುವುದರೊಳಗೆ ಧೂಳೂ ಇರುವೆಗಳೂ ಒಳಸೇರಿದುವು. ಆದಕಾರಣ ಕೊಳ್ಳುವವರು ಉದ್ದ ಅಗಲಗಳ ಜೊತೆಗೆ ಎತ್ತರವನ್ನೂ ವಿಚಾರಿಸತಕ್ಕದ್ದು. ಇನ್ನೊಂದು ಎಚ್ಚರವುಂಟು. ಪೈ 3, ಪೈ 4, ಪೈ 5 ಇವುಗಳ ಹಲಗೆಯ ಅಳತೆ ಒಂದೇ ಆದರೂ ತಂತಿಗಳನ್ನು ಸಿಕ್ಕಿಸುವ ಕಂಡಿಗಳ ಸ್ಥಾನಗಳು ಬೇರೆ. ನಿವೇಶನ ಒಂದೇ, ಬಾಗಿಲುಗಳು ಬೇರೆ. ಆದುದರಿಂದ ಯಾವ ಸಂಖ್ಯೆಯ ಗಣಕವೋ ಆ ಸಂಖ್ಯೆಯ ಪೆಟ್ಟಿಗೆಯನ್ನೇ ಕೇಳಬೇಕು.

ಎರಡನೆಯ ಸಲ ನಾವು ಜಾಣತನ ತೋರಲು ಹೋಗಿ ಅಡಿಗೆಮನೆಯ ಸ್ಟೀಲಿನ ಡಬ್ಬಿಯೊಂದಕ್ಕೆ ತೂತು ಕೊರೆಸಿ, ಅಡಿಗೆ ರಟ್ಟು ಹಾಸಿ, ಹಲಗೆಗಳನ್ನು ಅದರಲ್ಲಿಟ್ಟೆವು. ಮುಚ್ಚಳ ಹಾಕಿದೊಡನೆ ವೈಫೈ ಸಂಪರ್ಕವು ತಪ್ಪಿಹೋಯಿತು. ಲೋಹವು ರೇಡಿಯೋ ಅಲೆಗಳನ್ನು ತಡೆಯುವುದೆಂದು ಮಕ್ಕಳಿಗೆ ಪಾಠ ಹೇಳಿದವರು ನಾವೇ! ಅದೂ ಅಲ್ಲದೆ, ಗಾಳಿಯಾಡದ ಆ ಡಬ್ಬಿಯಲ್ಲಿ ಚೈತ್ರಮಾಸದ ಮಧ್ಯಾಹ್ನ, ಯಂತ್ರವು ಹಾಡುಗಳ ಪಟ್ಟಿಯನ್ನು ಕಟ್ಟಿಕೊಳ್ಳುತ್ತಿದ್ದಾಗ, ಅದರ ಶಾಖವು 80 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಿತು. ಅಷ್ಟು ಬಿಸಿಯಾದರೆ ಈ ಗಣಕವು ಆತ್ಮರಕ್ಷಣೆಗಾಗಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು. ಹಾಡು ತಡವರಿಸಿತು.

ಲೋಹದ ಪೆಟ್ಟಿಗೆಗಳೆಲ್ಲ ಕೆಟ್ಟುವೆಂದು ಇದರಿಂದ ತಿಳಿಯಬಾರದು. ಒಳಮೈ ಗಣಕದ ಬಿಸಿಭಾಗಕ್ಕೇ ತಾಗುವಂತೆ ಎರಕಹೊಯ್ದ ಅಲ್ಯುಮಿನಿಯಂ ಪೆಟ್ಟಿಗೆಗಳು ದೊರೆಯುತ್ತವೆ. ಅವುಗಳ ಮೈಯೆಲ್ಲ ಶಾಖವನ್ನು ಹೊರಚೆಲ್ಲುವುದು. ಅಂತಹುದನ್ನು ಕೊಳ್ಳುವುದಾದರೆ ಡ್ಯಾಕಿಗೆ ಎಡೆಯುಂಟೇ ಎಂದು ನೋಡಿ, ಅಂತರಜಾಲವನ್ನು ತಂತಿಯ ಮೂಲಕ ಕೊಡುವುದು ಲೇಸು. ಫ್ಯಾನ್ ಇರುವ ಪೆಟ್ಟಿಗೆಯನ್ನು ಮಾತ್ರ ನಾವು ಒಪ್ಪೆವು. ಹಾಡು ನುಡಿಸುವುದು ಗಣಕಕ್ಕೆ ಹಗುರವಾದ ಕೆಲಸ. ಗಾಳಿಕಂಡಿಯೂ ಸಣ್ಣ ಹೀಟ್‌ಸಿಂಕೂ ಇದ್ದರೆ ಸಾಕು. ಫ್ಯಾನು ಧೂಳನ್ನು ಒಳಗೆಳೆಯುವುದಲ್ಲದೆ, ರಾತ್ರಿಯ ನಿಶ್ಶಬ್ದದಲ್ಲಿ ತಾನೂ ಒಂದು ಶ್ರುತಿಯನ್ನು ಹಿಡಿಯುವುದು.

ಬೀಟೆಯ ಪೆಟ್ಟಿಗೆಯಾದರೆ ನಾದವು ಹೆಚ್ಚು ಇಂಪಾಗುವುದೆಂದು ಮಿತ್ರರೊಬ್ಬರು ಹೇಳಿದರು. ಹಲಸಿನ ಮರದಿಂದ ಮಾಡಿದ ವೀಣೆಯ ಕೊಡವು ತಂತಿಯೊಡನೆ ತಾನೂ ಕಂಪಿಸುವುದರಿಂದ ಅಲ್ಲಿ ಮರಕ್ಕೆ ಬೆಲೆಯುಂಟು. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ 'ಆಕಾಶವಾಣಿ'ಯನ್ನು ಆರಂಭಿಸಿದ ಕಾಲದ ಮರದ ರೇಡಿಯೋಗಳಲ್ಲಿಯೂ ಸ್ಪೀಕರು ಪೆಟ್ಟಿಗೆಯೊಳಗೇ ಇರುತ್ತಿದ್ದುದರಿಂದ ಮರವು ಧ್ವನಿಯಲ್ಲಿ ಪಾಲುಗೊಳ್ಳುತ್ತಿತ್ತು. ನಮ್ಮ ಯಂತ್ರದಲ್ಲಾದರೋ ಸ್ಪೀಕರು ಬೇರೆಯೇ ಇದೆ. ಪೆಟ್ಟಿಗೆಯೊಳಗೆ ಕಂಪಿಸುವುದು ಯಾವುದೂ ಇಲ್ಲ. ಇಂಪಿಗೆಂದು ಬೀಟೆಗೆ ಹಣ ತೆರುವುದು ವ್ಯರ್ಥ. ಅಂದಕ್ಕೆಂದಾದರೆ ಅವರವರ ಇಷ್ಟ.

ಮೂರನೆಯ ಪೆಟ್ಟಿಗೆಯನ್ನು ನಮ್ಮೂರ ಬಡಗಿಯಿಂದ ಹಲಸಿನ ಹಲಗೆಯಲ್ಲಿ ಮಾಡಿಸಿದೆವು. ಮರವು ವೈಫೈಗೆ ಅಡ್ಡಿಯಾಗದು. ಒಳಗಿನ ಉದ್ದ 130 ಮಿಲಿಮೀಟರು, ಅಗಲ 100, ಎತ್ತರ 60. ಮರಕ್ಕೆ ಶಾಖವನ್ನು ಹೊರಸಾಗಿಸುವ ಗುಣ ಕಡಿಮೆಯಾದ್ದರಿಂದ ಅಡಿಯಲ್ಲಿ ಒಂದು ಸಾಲು, ಹಿಂಬದಿಯ ಮೇಲ್ಗಡೆ ಒಂದು ಸಾಲು ರಂಧ್ರಗಳನ್ನು ಬಿಡಿಸಿದೆವು. ತಂಪುಗಾಳಿ ಕೆಳಗಿನಿಂದ ಬಂದು ಬಿಸಿಗಾಳಿ ಮೇಲೆ ಹೊರಡುವುದು. ನಾಲ್ಕು ಮೂಲೆಗಳಿಗೂ ರಬ್ಬರಿನ ಕಾಲು ಕೊಡದಿದ್ದರೆ ಅಡಿಯ ರಂಧ್ರಗಳಿದ್ದೂ ಇಲ್ಲದಂತೆ. ಒಳಗಡೆಯಿಂದ ಸೊಳ್ಳೆಪರದೆಯ ನೈಲಾನ್ ಬಟ್ಟೆಯನ್ನು ಅಂಟಿಸಿದ್ದರಿಂದ ಹಲ್ಲಿಮರಿಗಳ ಕಾಟ ತಪ್ಪಿತು.

ಜೋಡಿಸುವ ಕ್ರಮ ಹೀಗೆ. ಮೊದಲು ವಿದ್ಯುತ್ ತಂತಿಯನ್ನು ಕಳಚಿರತಕ್ಕದ್ದು. ಹಲಗೆಯನ್ನು ಅಂಚಿನಲ್ಲಿಯೇ ಹಿಡಿಯಬೇಕು. ಅದರ ನಾಲ್ಕು ರಂಧ್ರಗಳು 58 ಮತ್ತು 49 ಮಿಲಿಮೀಟರ್ ಅಂತರದಲ್ಲಿರುವುವು. ಎರಡೂವರೆ ಮಿಲಿಮೀಟರಿನ ಸ್ಕ್ರೂ ಹಿಡಿಸುವುದು. ಪೆಟ್ಟಿಗೆಯ ತಳಕ್ಕೆ ನಾಲ್ಕು ಹಿತ್ತಾಳೆಯ ಕಾಲುಗಳನ್ನು ಕೂರಿಸಿ ಅವುಗಳ ಮೇಲೆ ಗಣಕವನ್ನಿಡಬೇಕು. ಹೀಟ್‌ಸಿಂಕನ್ನು ಅಂಟಿಸಿದಮೇಲೆ ಡ್ಯಾಕನ್ನು 40 ಕಡ್ಡಿಗಳಿಗೂ ನೇರವಾಗಿ ಹೊಂದಿಸಿ, ಎರಡು ಕಡೆಯಿಂದಲೂ ಸಮವಾಗಿ ಒತ್ತಬೇಕು. ಒಂದು ಸಾಲು ತಪ್ಪಿದರೂ ಯಂತ್ರವು ಹಾಳಾಗಬಹುದು. ಸ್ಕ್ರೂಗಳನ್ನು ಬಲವಾಗಿ ಬಿಗಿಯಬಾರದು. ಮುಚ್ಚಳ ಮುಚ್ಚುವ ಮೊದಲು ಒಂದು ಗಂಟೆ ಹಾಡಿಸಿ, ಮುಚ್ಚಿ ಇನ್ನೊಂದು ಗಂಟೆ ಹಾಡಿಸಿ, ಎರಡು ಸಲವೂ ಶಾಖದ ಅಂಕವನ್ನು ನೋಡತಕ್ಕದ್ದು. ನಮ್ಮದು ಮುಚ್ಚಿದಮೇಲೆ 58ರಲ್ಲಿ ನಿಂತಿತು. ಕರೆಂಟು ಹಠಾತ್ತನೆ ಹೋದಾಗ ಮೆಮೊರಿ ಕಾರ್ಡು ಕೆಡುವುದುಂಟು. ಆದಕಾರಣ ಪೆಟ್ಟಿಗೆಯನ್ನು ಬಿಚ್ಚದೆಯೇ ಕಾರ್ಡನ್ನು ತೆಗೆಯಲು ಒಂದು ಸೀಳು ಬಿಡಿಸಿಕೊಳ್ಳಿ. ಕಾರ್ಡಿನ ಪ್ರತಿಯೊಂದನ್ನು ತೆಗೆದಿಡಿ.

ಮುಖ್ಯವಾದ ಮಾತು ಕೊನೆಗೆ. ಪೆಟ್ಟಿಗೆಯ ಮುಂಭಾಗದಲ್ಲಿ ಒಂದೇ ಒಂದು ದೊಡ್ಡ ತಿರುಗುವ ಗುಂಡಿಯನ್ನು ಇಡಿಸಿದೆವು. ಅದರ ತಂತಿಗಳನ್ನು ಸೇರಿಸಬೇಕಾದರೆ ಕಡ್ಡಿಗಳು ಮೇಲಕ್ಕೂ ಮುಂದುವರಿದಿರುವ ಡ್ಯಾಕನ್ನು ಕೊಳ್ಳಬೇಕು. ಇದನ್ನು ಮೊದಲೇ ವಿಚಾರಿಸಿಕೊಳ್ಳಿ. ತಿರುಗಿಸಿದರೆ ಧ್ವನಿ ಹೆಚ್ಚು ಕಡಿಮೆಯಾಗುವುದು; ಒತ್ತಿದರೆ ಹಾಡು ಮೊದಲಾಗುವುದು, ಮತ್ತೆ ಒತ್ತಿದರೆ ನಿಲ್ಲುವುದು. ತಾಯಿಯವರ ಕೈ ತೀಡಿ ಗುರುತಿಸಲೆಂದು ಬಡಗಿಯು ಗುಂಡಿಯ ಅಂಚಿನಲ್ಲಿ ಸಣ್ಣ ಗಾಡಿಯೊಂದನ್ನು ಕೊರೆದುಕೊಟ್ಟನು.

ಆ ಸಂಜೆ ತಾಯಿಯವರು ಪೆಟ್ಟಿಗೆಯ ಮೈಯನ್ನು ಸವರಿದರು, ಗುಂಡಿ ಸಿಕ್ಕಿತು, ಒತ್ತಿದರು. ಕಥೆಯನ್ನು ಪೂರ್ತಿ ಕೇಳಿದರು. ಕೊನೆಗೆ ತಂದೆಯವರ ಮಾತು ಬಂದಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತು ಮನೇಲಿ ಹಾಲೇ ಇರ್ಲಿಲ್ಲ, ಪಕ್ಕದ ಮನೆಯಿಂದ ತಂದೆ" ಎಂದರು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ನಮಗೆ ತಿಳಿಯದಿದ್ದ ಸಂಗತಿಯದು.

ಪೆಟ್ಟಿಗೆಯನ್ನು ಆರಿಸುವವರು ಯಂತ್ರದ ಅಳತೆಯನ್ನು ತೆಗೆದುಕೊಳ್ಳುವಂತೆಯೇ, ಅದನ್ನು ಮುಟ್ಟುವ ಕೈಯ ಅಳತೆಯನ್ನೂ ಮರೆಯದೆ ತೆಗೆದುಕೊಳ್ಳಬೇಕೆಂದು ನಮ್ಮ ವಿಜ್ಞಾಪನೆ.