ಮನೆಮಾತಿನ ‘ಆದೀತು’

ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಕಲೆತಾಗಲೆಲ್ಲ, ಮಕ್ಕಳು ಕನ್ನಡ ಶಬ್ದಗಳನ್ನು ಮರೆಯುತ್ತಿದ್ದಾರೆಂಬ ಕೊರಗು ಕೇಳಿಬರುತ್ತದೆ. ಮರೆತ ಶಬ್ದವನ್ನು ಹಿರಿಯರಿಂದ ಕೇಳಿ ತಿಳಿಯಬಹುದು. ಆದರೆ ಕ್ರಿಯಾಪದದ ಒಂದು ರೂಪವೇ ನಾಲಗೆಯಿಂದ ಜಾರಿದರೆ, ಜಾರಿದ್ದು ಯಾರ ಗಮನಕ್ಕೂ ಬಾರದು. ಹೀಗೆ ಜಾರುತ್ತಿರುವುದು, ಶಾಲೆಯ ವ್ಯಾಕರಣದಲ್ಲಿ ನಾವು ಓದಿದ ಸಂಭಾವನಾರ್ಥಕ ರೂಪ.

‘ಮಾಡು’ ಧಾತುವನ್ನೇ ತೆಗೆದುಕೊಳ್ಳಿರಿ. ನಾನು ಮಾಡಿಯೇನು, ನಾವು ಮಾಡಿಯೇವು. ನೀನು ಮಾಡೀಯೆ, ನೀವು ಮಾಡೀರಿ. ಅವನು ಮಾಡಿಯಾನು, ಅವಳು ಮಾಡಿಯಾಳು, ಅವರು ಮಾಡಿಯಾರು. ಅದು ಮಾಡೀತು, ಅವು ಮಾಡಿಯಾವು. ಒಟ್ಟು ಒಂಬತ್ತು ರೂಪಗಳು. ‘ಹೋಗು’ ಎಂಬುದಕ್ಕೆ ಹೋದಾನು, ಹೋದಾಳು, ಹೋದೀತು. ಕೆಲಸ ಇನ್ನೂ ನಡೆದಿಲ್ಲ; ಆದರೂ ರೂಪ ನಿಂತಿರುವುದು ‘ಮಾಡಿ’, ‘ಹೋದ’ ಎಂಬ ಭೂತಕಾಲದ ಅಂಗದ ಮೇಲೆ. ಇದೊಂದು ಸೋಜಿಗ. 1903ರಲ್ಲಿ ಪ್ರಕಟವಾದ ತಮ್ಮ ವ್ಯಾಕರಣದಲ್ಲಿ ಕಿಟ್ಟೆಲರು ಈ ರೂಪವನ್ನು ಬಿಡದೆ ವಿವರಿಸಿದ್ದಾರೆ.

ಈಗ ನಮ್ಮ ಮಕ್ಕಳಲ್ಲಿ ಕೆಲವರು ಪರದೇಶದ ಭಾಷೆಗಳನ್ನೂ ಕಲಿಯುತ್ತಾರೆ. ಸ್ಪ್ಯಾನಿಷ್ ಕಲಿಯುವ ಮಗು ‘ಆಬ್ಲಾರ್’, ಅಂದರೆ ಮಾತನಾಡು, ಎಂಬುದಕ್ಕೆ ಪ್ರತ್ಯಯ ಸೇರಿಸಿ ಆಬ್ಲಾರಿಯಾ, ಆಬ್ಲಾರಿಯಾಸ್, ಆಬ್ಲಾರಿಯಾಮೋಸ್ ಎಂದು ಬಾಯಿಪಾಠ ಮಾಡುತ್ತದೆ. ಅಲ್ಲಿ ‘ನಾನು’ ಎಂಬುದಕ್ಕೂ ‘ಅವನು’, ‘ಅವಳು’ ಎಂಬುದಕ್ಕೂ ಒಂದೇ ರೂಪ. ನಮ್ಮಲ್ಲಿ ಮೂರಕ್ಕೂ ಬೇರೆ ಬೇರೆ. ಅದನ್ನು ಕಲಿಯಲಿ, ಬಹಳ ಸಂತೋಷ; ಜೊತೆಗೆ ಮನೆಯದೂ ಉಳಿಯಲಿ.

ಜಾರಲು ಕಾರಣವೂ ಇದೆ. ನಮ್ಮ ಸುತ್ತಲಿನ ಮರಾಠಿಯಲ್ಲಿ ‘ಹೋಈಲ’ ಎಂಬ ಒಂದೇ ಮಾತು ‘ಆಗುತ್ತದೆ’ ಎಂಬ ನಿಶ್ಚಯಕ್ಕೂ ‘ಆದೀತು’ ಎಂಬ ಊಹೆಗೂ ಸಲ್ಲುತ್ತದೆ. ಆ ಭಾಷೆಗೆ ಅದು ಸಹಜ. ಆದರೆ ಅದೇ ಅಚ್ಚಿನಲ್ಲಿ ಕನ್ನಡ ಆಡುವ ಮಗುವಿಗೆ ‘ಆಗುತ್ತದೆ’ ಒಂದೇ ಉಳಿಯುತ್ತದೆ. ಕಚೇರಿಯ ಮೇಜಿನ ಹಿಂದೆ ಕೂತವನಿಗೆ ಈ ಅಂತರ ಚೆನ್ನಾಗಿ ಗೊತ್ತು: ‘ನಿಮ್ಮ ಅರ್ಜಿ ಮಂಜೂರಾಗುತ್ತದೆ’ ಎಂದರೆ ಅದು ವಚನ, ‘ಮಂಜೂರಾದೀತು’ ಎಂದರೆ ಬರಿಯ ಭರವಸೆ.

ನಮ್ಮೊಳಗೂ ಒಂದು ತಮಾಷೆಯಿದೆ. ಧಾರವಾಡದ ಕಡೆಯವರು ‘ತಮ್ಮ ಬಂದಾನ’ ಎಂದರೆ ತಮ್ಮ ಬಂದು ಕೂತಿದ್ದಾನೆ. ಮೈಸೂರಿನ ಕಡೆಯವರು ‘ತಮ್ಮ ಬಂದಾನು’ ಎಂದರೆ ಇನ್ನೂ ಬಂದಿಲ್ಲ, ಬಂದರೂ ಬರಬಹುದು. ಒಂದು ಉಕಾರದ ಮೇಲೆ ಅನ್ನಕ್ಕೆ ಇನ್ನೊಂದು ಪಾವು ಅಕ್ಕಿ ಇಡಬೇಕೋ ಬೇಡವೋ ಎಂಬುದು ನಿಂತಿದೆ!

ನಗೆಮಾತು ಹಾಗಿರಲಿ. ‘ದುಡ್ಡು ಕೂಡಿದರೆ ಊರಲ್ಲಿ ಮನೆ ಕಟ್ಟಿಯೇನು’ ಎನ್ನುವವನ ಮುಂದೆ ಬಾಗಿಲು ತೆರೆದಿದೆ. ‘ದುಡ್ಡು ಕೂಡಿದ್ದರೆ ಕಟ್ಟುತ್ತಿದ್ದೆ’ ಎಂದಾಗ ಅದೇ ಬಾಗಿಲು ಮುಚ್ಚಿದೆ. ಊರು ಬಿಟ್ಟು ಬಂದ ನಮ್ಮಂಥವರ ಬಾಳೆಲ್ಲ ಈ ಎರಡು ವಾಕ್ಯಗಳ ನಡುವೆ ಸಾಗುತ್ತದೆ. ಮೊದಲನೆಯದನ್ನು ಆಡುವ ರೂಪ ಮಕ್ಕಳಿಗೆ ಬೇಡವೇ? ಲೋಕಲ್ ಗಾಡಿಯ ಬಾಗಿಲಲ್ಲಿ ನಿಂತ ಮಗನಿಗೆ ತಾಯಿ ‘ಬಿದ್ದೀಯ, ಜೋಕೆ!’ ಎನ್ನುತ್ತಾಳೆ. ‘ಬೀಳುತ್ತೀಯ’ ಎಂಬುದು ಆಗುವುದನ್ನು ನುಡಿದಂತೆ. ‘ಬಿದ್ದೀಯ’ ಎಂಬುದು ಆಗದಿರಲೆಂದು ಕೈಚಾಚಿದಂತೆ.

ಇದನ್ನು ಉಳಿಸಲು ವ್ಯಾಕರಣದ ತರಗತಿ ಬೇಕಿಲ್ಲ. ಗಾದೆಗಳು ಸಾಕು. ‘ನಾಯಿ ಬೊಗಳಿದರೆ ದೇವಲೋಕ ಹಾಳಾದೀತೇ?’ ಎಂಬುದರಲ್ಲಿ ‘-ದರೆ’ಯೂ ಇದೆ, ಸಂಭಾವನಾರ್ಥಕವೂ ಇದೆ. ಊಟದ ಹೊತ್ತಿಗೆ ಇಂಥದೊಂದು ಗಾದೆ ಹೇಳಿ, ‘ಹಾಳಾಗುತ್ತದೆಯೇ’ ಎನ್ನದೆ ‘ಹಾಳಾದೀತೇ’ ಎಂದದ್ದೇಕೆಂದು ಮಕ್ಕಳನ್ನು ಕೇಳಿರಿ. ‘ನಾಳೆ ಮಳೆ ಬಂದೀತೇ?’ ಎಂದು ನೀವೇ ಮೊದಲು ಆಡಿರಿ. ನಾಲ್ಕು ದಿನದಲ್ಲಿ ‘ಬಂದೀತು, ಕೊಡೆ ತಗೊಳ್ಳಿ’ ಎಂಬ ಉತ್ತರ ಅವರಿಂದಲೂ ಬಂದೀತು.