ಎರಡು ಮುದ್ದೆ

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆದುಕೊಳ್ಳುವವನಿಗೆ ಹೊಟ್ಟೆಯ ವಿಷಯವಾಗಿ ನಾಲ್ಕು ಮಾತು ಬರೆಯುವ ಅಧಿಕಾರ ಉಂಟೆಂದು ಭಾವಿಸಿದ್ದೇನೆ. ನಮ್ಮ ನುಡಿ ಈ ಅವಯವದ ಮೇಲೆ ಹೊರಿಸಿರುವಷ್ಟು ಕೆಲಸವನ್ನು ಹೃದಯದ ಮೇಲೂ ಹೊರಿಸಿಲ್ಲ. ಅಸೂಯೆಯೆಂದರೆ ಹೊಟ್ಟೆಕಿಚ್ಚು, ಸಂಕಟವೆಂದರೆ ಹೊಟ್ಟೆಯುರಿ, ಉದ್ಯೋಗವೆಂದರೆ ಹೊಟ್ಟೆಪಾಡು. ತಪ್ಪು ಮಾಡಿದವನು ಹಿರಿಯರೆದುರು ಕೈಮುಗಿದು 'ಹೊಟ್ಟೆಗೆ ಹಾಕಿಕೊಳ್ಳಿ' ಎನ್ನುತ್ತಾನೆ, ಅವರು ಹಾಕಿಕೊಳ್ಳುತ್ತಾರೆ. ಇಷ್ಟನ್ನೆಲ್ಲ ಹಿಡಿಯಬೇಕಾದ ಪಾತ್ರೆಯನ್ನು ನಾನು 2022ರ ಜೂನ್ ತಿಂಗಳಲ್ಲಿ, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ, ಎರಡು ದೊಡ್ಡ ಚಮಚದಷ್ಟಕ್ಕೆ ಕಿರಿದು ಮಾಡಿಸಿಕೊಂಡು ಬಂದೆ.

ಆಗ ನನ್ನ ವಯಸ್ಸು ನಲವತ್ತೈದು, ಎತ್ತರ ಐದೂವರೆ ಅಡಿ, ತೂಕ 128 ಕಿಲೋ. ಮಂಡ್ಯ ಜಿಲ್ಲೆಯ ಹಳ್ಳಿಯವನು. ಸಕ್ಕರೆಯ ಸೀಮೆಯವನಾದ್ದರಿಂದಲೋ ಏನೋ ಸಕ್ಕರೆ ಕಾಯಿಲೆಯೂ ಪಿತ್ರಾರ್ಜಿತವಾಗಿ ಬಂದಿತ್ತು. ಅಪ್ಪ ಅದಕ್ಕೆ ಮೊದಲು ಒಂದು ಕಾಲನ್ನೂ ಆಮೇಲೆ ತಮ್ಮನ್ನೂ ಒಪ್ಪಿಸಿದರು. ಆಗ ಅವರಿಗೆ ಐವತ್ತೆಂಟು. ನಾನು ರಾತ್ರಿ ಮೂಗಿಗೆ ಗಾಳಿಯೂದುವ ಯಂತ್ರ ಕಟ್ಟಿಕೊಂಡು ಮಲಗುತ್ತಿದ್ದೆ. ಹಗಲು ಮಹಡಿಯ ಮೇಲಿನ ತರಗತಿಗೆ ಎರಡು ಕಡೆ ನಿಂತು ಏರುತ್ತಿದ್ದೆ. ಕುಮಾರವ್ಯಾಸನ ಬಕವಧೆಯ ಭಾಗ ಪಾಠಕ್ಕೆ ಬಂದ ವರ್ಷ, ಭೀಮನು ಬಂಡಿಯ ಅನ್ನಕ್ಕೆ ಕೈಹಾಕುವ ಮುಂಚೆಯೇ ಹಿಂದಿನ ಬೆಂಚಿನಲ್ಲಿ ನಗೆ ಏಳುತ್ತಿತ್ತು. ನಾನೂ ನಗುತ್ತಿದ್ದೆ. ತನ್ನನ್ನು ಕಂಡು ನಗುವವರಿಗಿಂತ ಒಂದು ಕ್ಷಣ ಮೊದಲೇ ನಕ್ಕುಬಿಡುವ ವಿದ್ಯೆಯನ್ನು ದಪ್ಪಗಿರುವವನು ಬಾಲ್ಯದಲ್ಲಿಯೇ ಕಲಿತಿರುತ್ತಾನೆ.

ಪಥ್ಯ, ನಡಿಗೆ, ಉಪವಾಸ, ಪ್ರಕೃತಿ ಚಿಕಿತ್ಸೆ ಎಲ್ಲವನ್ನೂ ಮಾಡಿ ಮುಗಿಸಿದ ಮೇಲೆ ವೈದ್ಯರು ಹೇಳಿದ್ದು ಗ್ಯಾಸ್ಟ್ರಿಕ್ ಬೈಪಾಸ್. ಜಠರದ ಮೇಲ್ತುದಿಯಲ್ಲಿ ಒಂದು ಪುಟ್ಟ ಚೀಲವನ್ನು ಬೇರ್ಪಡಿಸಿ, ಸಣ್ಣ ಕರುಳನ್ನು ತಂದು ನೇರವಾಗಿ ಅದಕ್ಕೆ ಜೋಡಿಸುತ್ತಾರೆ. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು 1966ರಲ್ಲಿ ಆರಂಭಿಸಿದ ಕ್ರಮವಂತೆ. ಈಗ ಬಹಳ ಮಾರ್ಪಾಟಾಗಿ, ಐದಾರು ಸಣ್ಣ ರಂಧ್ರಗಳಲ್ಲಿಯೇ ಕೆಲಸ ಮುಗಿಯುತ್ತದೆ. ಹಳೆಯ ಜಠರವನ್ನು ಕಿತ್ತೆಸೆಯುವುದಿಲ್ಲ. ಅದು ಒಳಗೇ ಇರುತ್ತದೆ, ತನ್ನ ರಸವನ್ನು ಸುರಿಸುತ್ತಲೂ ಇರುತ್ತದೆ. ಅನ್ನ ಮಾತ್ರ ಆ ದಾರಿಯಲ್ಲಿ ಹಾಯುವುದಿಲ್ಲ. ಮರು ವರ್ಷ, 2023ರಲ್ಲಿ, ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಗಿ, ವಾಹನಗಳೆಲ್ಲ ಮದ್ದೂರಿನ ಹೊರಗಿನಿಂದಲೇ ಹಾದುಹೋಗತೊಡಗಿದಾಗ, ಹಳೆಯ ರಸ್ತೆಯ ವಡೆಯಂಗಡಿಗಳ ಮುಂದೆ ನಿಂತು ನನ್ನ ಜಠರವನ್ನು ನೆನೆದುಕೊಂಡೆ. ಊರು ಅಲ್ಲೇ ಇದೆ, ಒಲೆಯೂ ಉರಿಯುತ್ತಿದೆ, ಬರುವವರಿಲ್ಲ.

ಮೊದಲ ವಾರಗಳಲ್ಲಿ ತಿಳಿನೀರು, ತಿಳಿಸಾರು, ಆಮೇಲೆ ಮಜ್ಜಿಗೆ. ಔಷಧದ ಶೀಸೆಯ ಮುಚ್ಚಳದಲ್ಲಿ ಅಳೆದು, ನನ್ನ ಹೆಂಡತಿ ಗಡಿಯಾರ ನೋಡುತ್ತ ಕೊಡುವಳು; ಗುಟುಕು ಗುಟುಕಾಗಿ ಕುಡಿಯುವೆನು. ಆ ದಿನಗಳಲ್ಲಿ ನಾನು ಓದಿದ ಗ್ರಂಥ ಯಾವುದೆಂದರೆ ಮೂರನೆಯ ಮಂಗರಸನ 'ಸೂಪಶಾಸ್ತ್ರ'. ಷಟ್ಪದಿಯಲ್ಲಿ ಅಡುಗೆ ಹೇಳಿದ ಆ ಪುಣ್ಯಾತ್ಮನನ್ನು ಎಂ.ಎ. ತರಗತಿಯಲ್ಲಿ ಪರೀಕ್ಷೆಗಾಗಿ ಓದಿದ್ದೆ. ಮಜ್ಜಿಗೆಯ ಮುಚ್ಚಳ ಹಿಡಿದು ಓದಿದಾಗಲೇ ರಸಾಸ್ವಾದವಾದದ್ದು. ವಿಚಿತ್ರವೆಂದರೆ ಹಸಿವೆಂಬುದೇ ಇರಲಿಲ್ಲ. ಕರುಳಿನಿಂದ ಹೊರಟು ಮಿದುಳಿಗೆ ಹಸಿವನ್ನು ಸಾರುವ ದ್ರವಗಳೇ ಈ ಚಿಕಿತ್ಸೆಯಿಂದ ಬದಲಾಗುತ್ತವೆಂದು ವೈದ್ಯರು ಹೇಳಿದರು. ಹಸಿವಿಲ್ಲದಿದ್ದರೂ ಆಸೆಯಿತ್ತು. ಸಂಜೆ ನಾಲ್ಕಕ್ಕೆ ಬೀದಿಯ ಮೂಲೆಯ ಹೋಟೆಲಿನಿಂದ ದೋಸೆಯ ವಾಸನೆ ಬಂದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಹೊಟ್ಟೆ ಮಾತ್ರ ಪರರ ಸಮಾಚಾರ ಕೇಳಿದಂತೆ ಸುಮ್ಮನಿರುತ್ತಿತ್ತು.

ಆಮೇಲೆ ಕಟ್ಟಳೆಗಳು. ಊಟಕ್ಕೆ ಅರ್ಧ ಗಂಟೆ ಮುಂಚೆ ನೀರು ನಿಲ್ಲಿಸಬೇಕು, ಊಟವಾಗಿ ಅರ್ಧ ಗಂಟೆಯವರೆಗೆ ಮುಟ್ಟಬಾರದು. ನಮ್ಮ ಕಡೆ ಎಲೆಗೆ ಮೊದಲು ಚೊಂಬು ಬರುತ್ತದೆ! ಮೊದಲು ಬೇಳೆ, ಕಾಳು, ಮೊಟ್ಟೆ. ಅನ್ನ ಕಡೆಗೆ, ಜಾಗ ಉಳಿದರೆ. ಜೀವಮಾನವಿಡೀ ಕಬ್ಬಿಣ, ಸುಣ್ಣದಂಶ, ಜೀವಸತ್ವಗಳ ಗುಳಿಗೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ತುತ್ತನ್ನೂ ಹಿಟ್ಟಾಗುವವರೆಗೆ ಅಗಿಯಬೇಕು. ಇದರ ಕಷ್ಟ ಮುದ್ದೆಯುಂಡು ಬೆಳೆಯದವರಿಗೆ ತಿಳಿಯದು. ಮುದ್ದೆಯನ್ನು ಅಗಿಯುವವನು ನಮ್ಮ ಊರಿನಲ್ಲಿ ಪರದೇಶಿ. ಮುರಿದು, ಬೆರಳಲ್ಲಿ ನಾದಿ, ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ಸೋಕಿಸದೆ ನುಂಗಬೇಕು. ಮೂರು ವರ್ಷದವನಿದ್ದಾಗ ಅವ್ವ ನನ್ನ ಗಲ್ಲ ಹಿಡಿದು, 'ಅಗೀಬ್ಯಾಡ್ಲಾ ಮಗ, ನುಂಗು' ಎಂದು ಕಲಿಸಿದ್ದಳು. ನಾನು ಬದುಕಿನಲ್ಲಿ ಮೊದಲು ತೇರ್ಗಡೆಯಾದ ಪರೀಕ್ಷೆ ಅದೇ.

ಕಾಲೇಜಿನ ಸಂಗತಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ತಿಂಗಳಿಗೆ ಏಳೆಂಟು ಕಿಲೋ ಇಳಿಯತೊಡಗಿದಾಗ ಸಹೋದ್ಯೋಗಿಗಳು ಹೊಗಳಲಿಲ್ಲ, ಮರುಗಿದರು. ನಮ್ಮ ದೇಶದಲ್ಲಿ ತೆಳ್ಳಗಾದವನು ಮೊದಲು ರೋಗಿ. ನಾಲ್ಕನೆಯ ತಿಂಗಳಲ್ಲಿ ತಲೆಗೂದಲು ಬಾಚಣಿಗೆಗೆ ಬಂದು, ಈ ಅಭಿಪ್ರಾಯ ಇನ್ನೂ ಗಟ್ಟಿಯಾಯಿತು. (ಅದು ಕೆಲವು ತಿಂಗಳ ಮಾತು, ಕೂದಲು ಮತ್ತೆ ಬಂತು.) ಹತ್ತಿರದ ಒಬ್ಬಿಬ್ಬರಿಗೆ ವಿಷಯ ತಿಳಿಸಿದಾಗ, 'ಹಾಗಾದರೆ ಸುಲಭದ ದಾರಿ ಹಿಡಿದಿರಿ' ಎಂದರು. ಅಂದಿನಿಂದ ಯಾರಿಗೂ ಹೇಳದಾದೆ. ಮೈ ಇಳಿದರೂ ಮನಸ್ಸು ಇಳಿಯಲಿಲ್ಲವೆಂಬುದನ್ನು ಹೇಳಲೇಬೇಕು. ಇಂದಿಗೂ ಪ್ಲಾಸ್ಟಿಕ್ ಕುರ್ಚಿ ಕಂಡರೆ ಕಾಲುಗಳನ್ನು ಅಲುಗಾಡಿಸಿ ನೋಡಿಯೇ ಕೂರುತ್ತೇನೆ; ಬಸ್ಸಿನಲ್ಲಿ ಪಕ್ಕದವರಿಗೆ ತೊಂದರೆಯಾದೀತೆಂದು ಅರ್ಧ ಆಸನದಲ್ಲಿ ಮುದುಡಿಕೊಳ್ಳುತ್ತೇನೆ, ಉಳಿದರ್ಧ ಖಾಲಿ ಇರುತ್ತದೆ.

ನಿಜವಾದ ಕಷ್ಟ ಬಂದದ್ದು ಊರಿನಲ್ಲಿ. ಅವ್ವನಿಗೆ ನಾನು ಸತ್ಯ ಹೇಳಿರಲಿಲ್ಲ. ಪಿತ್ತಕೋಶದಲ್ಲಿ ಕಲ್ಲಿದೆ, ತೆಗೆಸುತ್ತೇನೆ ಎಂದಿದ್ದೆ. ಎಪ್ಪತ್ತೊಂದು ವರ್ಷದ ಮುದುಕಿ ಗಾಬರಿಯಾಗುತ್ತಾಳೆಂದು ಹೆಂಡತಿಯ ಮುಂದೆ ಕಾರಣ ಕೊಟ್ಟೆ. ಅದು ಕಾರಣವಾಗಿರಲಿಲ್ಲ. ಅವಳು ಇಕ್ಕಿ ಬೆಳೆಸಿದ ಹೊಟ್ಟೆಯನ್ನು ಅವಳನ್ನು ಕೇಳದೆ ಕೊಯ್ಸಿಕೊಂಡೆನೆಂಬ ಅಳುಕು ಅದು.

ಸೆಪ್ಟೆಂಬರಿನ ಪಿತೃಪಕ್ಷಕ್ಕೆ ಹೋದೆವು. ಅಪ್ಪನಿಗೆ ಎಡೆಯಿಟ್ಟು ಪೂಜೆಯಾದ ಮೇಲೆ ಅವ್ವ ನನ್ನ ಎಲೆಗೆ ಎಂದಿನಂತೆ ಬಡಿಸಿದಳು. ನಾನು ನಾಲ್ಕು ಚಮಚದಷ್ಟು ಕಾಳು ತಿಂದು ಕೈಬಿಟ್ಟೆ. ಅವ್ವ ಮಾತಾಡಲಿಲ್ಲ. ಎಲೆಯನ್ನು ತಾನೇ ಎತ್ತಿಕೊಂಡು ಹಿತ್ತಲಿಗೆ ಹೋಗಿ ಹಸುವಿನ ಮುಂದಿಟ್ಟಳು. ರಾತ್ರಿ ನೆರೆಮನೆಯ ಜಗಲಿಯಲ್ಲಿ, 'ಪ್ಯಾಟೆ ಸೊಸೆ ನನ್ ಮಗನ ಹೊಟ್ಟೆ ಬತ್ತಿಸವ್ಳೆ' ಎಂದು ಅವಳು ಹೇಳಿದ್ದು ನನ್ನ ಹೆಂಡತಿಯ ಕಿವಿಗೂ ಬಿತ್ತು. ಹೆಂಡತಿ ನನ್ನ ಮುಖ ನೋಡಿದಳು. ನಾನು ಆಗಲೂ ಬಾಯಿಬಿಡಲಿಲ್ಲ.

ನವೆಂಬರಿನಲ್ಲಿ ಚಿಕ್ಕಪ್ಪನ ಮೊಮ್ಮಗಳ ಬೀಗರೂಟ. ಬೀಗರು ಪಂಕ್ತಿಯ ಮುಂದೆ ನಿಂತು ತಾವೇ ಉಪಚಾರ ಮಾಡುವ ಊಟ ಅದು. ಬೇಡವೆಂದರೆ ಸಂಬಂಧವನ್ನೇ ಬೇಡವೆಂದ ಹಾಗೆ. ಎಲೆಯ ನಡುವೆ ಹೊಗೆಯಾಡುವ ಮುದ್ದೆ, ಮಾಂಸದ ಸಾರು. ಬೀಗರೊಡನೆ ಮಾತಾಡುತ್ತ ಕುಳಿತಿದ್ದೆ. ಕೈ ತನ್ನ ಪಾಡಿಗೆ ಮುದ್ದೆ ಮುರಿಯಿತು, ಸಾರಿನಲ್ಲಿ ಹೊರಳಿಸಿತು. ಗಂಟಲು ತನ್ನ ಪಾಡಿಗೆ ನುಂಗಿತು. ನಲವತ್ತು ವರ್ಷದ ಅಭ್ಯಾಸಕ್ಕೆ ಐದು ತಿಂಗಳ ಉಪದೇಶ ಎಲ್ಲಿಯ ಲೆಕ್ಕ? ತುತ್ತು ಎದೆಯ ನಡುವೆ ಬಂದು ನಿಂತಿತು. ಮೇಲೂ ಬಾರದು, ಕೆಳಗೂ ಇಳಿಯದು. ಬಾಯಿಯ ತುಂಬ ಜೊಲ್ಲು ಉಕ್ಕಿತು, ಬೆವರು ಇಳಿಯಿತು. ಪಂಕ್ತಿಯಿಂದ ಎದ್ದು ಚಪ್ಪರದ ಹಿಂದಕ್ಕೆ, ಒಲೆಗಳ ಆಚೆಗೆ ಓಡಿ, ಬಾಗಿ ಕಕ್ಕಿದೆ. ತಲೆಯೆತ್ತಿದಾಗ ಅವ್ವ ಚೊಂಬು ಹಿಡಿದು ನಿಂತಿದ್ದಳು. 'ನೀರ್ ಕುಡಿ' ಎಂದಳು. ಕುಡಿಯುವ ಹಾಗಿರಲಿಲ್ಲ. ಬಾಯಿ ಮುಕ್ಕಳಿಸಿ ಉಗಿದೆ. ಅವಳು ನನ್ನ ಸಡಿಲವಾದ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ಬಿಟ್ಟಳು.

ಡಿಸೆಂಬರಿನ ಒಂದು ರಾತ್ರಿ ತಮ್ಮ ದೂರವಾಣಿಯಲ್ಲಿ ಮಾತಾಡಿದ. 'ಅಣ್ಣ, ಅವ್ವ ಒಪ್ಪೊತ್ತು ಹಿಡ್ದವ್ಳೆ. ತಿಂಗಳಾಯ್ತು. ನಿಂಗೆ ಹೇಳ್ಬ್ಯಾಡ ಅಂದಿದ್ಲು. ನೀನು ಮೊದಲಿನಂಗೆ ಎರಡು ಮುದ್ದೆ ಉಣ್ಣೋಗಂಟ ರಾತ್ರಿ ಬಾಯಿಗೆ ಏನೂ ಹಾಕಲ್ಲ ಅಂತ ಊರಮ್ಮನಿಗೆ ಹರಸ್ಕೊಂಡವ್ಳೆ. ಇವತ್ತು ಕೊಟ್ಟಿಗೇಲಿ ತಲೆ ಸುತ್ತಿ ಕುಂತ್ಕೊಂಡ್ಲು.'

ಎರಡು ಮುದ್ದೆ! ಈ ಜನ್ಮದಲ್ಲಿ ನಾನು ಉಣ್ಣಲಾರದ್ದು. ನನ್ನ ಸುಳ್ಳು ಒಂದು ಮುದಿ ಜೀವವನ್ನು ಎಂದಿಗೂ ತೀರದ ಹರಕೆಗೆ ಕಟ್ಟಿಹಾಕಿತ್ತು. ಬೆಳಗಿನ ಮೊದಲ ಬಸ್ಸಿಗೆ ಊರಿಗೆ ಹೋದೆ.

ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ಕುಳಿತು, ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯುತ್ತ, ಮೊದಲಿನಿಂದ ಹೇಳಿದೆ. ಅಪ್ಪನ ಕಾಲನ್ನು ಹೇಳಿದೆ. ಯಂತ್ರ ಕಟ್ಟಿಕೊಂಡು ಮಲಗುತ್ತಿದ್ದುದನ್ನು, ಈಗ ಅದಿಲ್ಲದೆ ಮಲಗುವುದನ್ನು, ಸಕ್ಕರೆಯ ಮಾತ್ರೆ ನಿಂತದ್ದನ್ನು ಹೇಳಿದೆ. ಅಂಗಿಯೆತ್ತಿ ಐದು ಸಣ್ಣ ಕಲೆಗಳನ್ನು ತೋರಿಸಿದೆ. ಬಹಳ ಹೊತ್ತು ಬೆರಳುಗಳಷ್ಟೇ ಆಡಿದವು. ಕೊನೆಗೆ ಅವಳು ಕೇಳಿದ್ದು ಒಂದೇ ಮಾತು: 'ನಾನ್ ಇಕ್ಕಿದ್ದೇ ತಪ್ಪಾಯ್ತೇನ್ಲಾ?'

ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಇದಕ್ಕೆ ಉತ್ತರ ಸಿಕ್ಕಲಿಲ್ಲ. ವಂಶದ ಗುಣ, ಕೂತು ಮಾಡುವ ಕೆಲಸ, ಸುಡುಗಾಡು ಬೇಕರಿ ತಿಂಡಿ ಎಂದು ಏನೇನೋ ಹೇಳಿದೆ, ಅವೆಲ್ಲ ನಿಜವೇ. ಆದರೆ 1965–66ರ ಬರ ಬಂದಾಗ ಅವಳಿಗೆ ಹದಿನಾಲ್ಕೋ ಹದಿನೈದೋ. ಉಪ್ಪು ಹಾಕಿ ಬೇಯಿಸಿದ ಸೊಪ್ಪನ್ನೇ ಉಂಡು ಮಲಗಿದ ರಾತ್ರಿಗಳ ಕಥೆಯನ್ನು ನಾವು ಮಕ್ಕಳು ಕೇಳಿಯೇ ಬೆಳೆದವರು. 'ಇನ್ನೊಂದ್ ತುತ್ತು' ಎಂದು ಅವಳು ನನ್ನ ಬಾಯಿಗಿಟ್ಟದ್ದೆಲ್ಲ ಆ ರಾತ್ರಿಗಳ ಪಾಲು. ತಪ್ಪೆನ್ನುವ ನಾಲಗೆ ನನಗಿಲ್ಲ. ತಪ್ಪಲ್ಲವೆಂದರೆ ಅಪ್ಪನ ಕಾಲು ನೆನಪಾಗುತ್ತದೆ. ಸುಮ್ಮನೆ ಅವರೆಕಾಯಿ ಸುಲಿದೆ.

ಸ್ವಲ್ಪ ಹೊತ್ತಾದ ಮೇಲೆ, 'ಎಷ್ಟ್ ಹಿಡೀತದೆ ಈಗ?' ಎಂದಳು. ಅಂಗೈ ಗುಳಿ ಮಾಡಿ ತೋರಿಸಿದೆ. ಅವಳು ಎದ್ದು ಒಳಗೆ ಹೋಗಿ, ಪೆಟ್ಟಿಗೆ ತೆಗೆದ ಸದ್ದಾಗಿ, ಒಂದು ಒಳಲೆಯೊಂದಿಗೆ ಬಂದಳು. ನಮ್ಮಿಬ್ಬರಿಗೂ ಹಾಲು, ಬಜೆ ಕುಡಿಸಿದ ಹಿತ್ತಾಳೆಯ ಒಳಲೆ, ಕಪ್ಪಾಗಿತ್ತು. 'ಇಷ್ಟಾ?' ಮೊದಲು ಅಷ್ಟೇ ಇತ್ತು, ಈಗ ಅದರ ಎರಡರಷ್ಟು ಹಿಡಿಯಬಹುದು ಎಂದೆ. ಅವಳು ಅದರ ಮೂತಿಯನ್ನು ಸೆರಗಿನಲ್ಲಿ ಒರೆಸಿದಳು. 'ಅಂಗಾರೆ ಒಂದ್ ವರ್ಷದ ಕೂಸು' ಎಂದಳು.

ಹರಕೆಯ ಪ್ರಶ್ನೆ ಉಳಿದಿತ್ತು. ತಪ್ಪುಕಾಣಿಕೆ ಕಟ್ಟಿ ಬಿಡೋಣವೆಂದು ತಮ್ಮ ಸೂಚಿಸಿದ. ಅವ್ವ ಒಪ್ಪಲಿಲ್ಲ, ದೇವರಿಗೆ ಕೊಟ್ಟ ಮಾತು ಮಾತೇ. ಮಧ್ಯಾಹ್ನ ಒಲೆಯ ಮುಂದೆ ಕೂತವಳು ಎಲ್ಲರಿಗೂ ಮುದ್ದೆ ಕಟ್ಟಿಟ್ಟು, ಮಡಕೆಯ ತಳದಲ್ಲಿ ಉಳಿದ ಹಿಟ್ಟನ್ನು ಗೋರಿಕೊಂಡು, ಕೈ ತೇವ ಮಾಡಿಕೊಂಡು, ಅಂಗೈಯಲ್ಲಿ ಹೊರಳಿಸಿ ಎರಡು ಮುದ್ದೆ ಮಾಡಿದಳು. ಒಂದೊಂದೂ ನೆಲ್ಲಿಕಾಯಿಗಾತ್ರ. ನುಣುಪಾಗಿ, ದುಂಡಗೆ, ದೊಡ್ಡ ಮುದ್ದೆಗೆ ಯಾವ ಲೋಪವೂ ಬಾರದಂತೆ. ಬಸ್ಸಾರಿನ ಜೊತೆ ನನ್ನ ತಟ್ಟೆಯಲ್ಲಿಟ್ಟು, 'ಅಮ್ಮನ ಮುಂದೆ ಎಷ್ಟು ದಪ್ಪದ ಮುದ್ದೆ ಅಂತ ನಾನೇನ್ ಅಂದಿರ್ಲಿಲ್ಲ' ಎಂದಳು. ಎರಡನ್ನೂ ಅಗಿದು ಅಗಿದು ಉಂಡೆ. ಇಪ್ಪತ್ತೈದು ನಿಮಿಷ ಹಿಡಿಯಿತು. ಅವಳು ತಟ್ಟೆ ಬರಿದಾಗುವವರೆಗೆ ಎದುರಿಗೇ ಕುಳಿತಿದ್ದಳು. ಅಂದು ರಾತ್ರಿ ಉಂಡಳು. ಮರುದಿನ ನನ್ನ ಹೆಂಡತಿಗೆ ತಾನೇ ದೂರವಾಣಿ ಮಾಡಿಸಿ, 'ಹೊಟ್ಟೆಗೆ ಹಾಕ್ಕೊ ಕಣವ್ವ' ಎಂದಳಂತೆ. ಆ ಮಾತನ್ನು ಆಡಬೇಕಾಗಿದ್ದವನು ನಾನು.

ಈಗ ನನ್ನ ತೂಕ 86 ಕಿಲೋ. ಒಂದೂವರೆ ವರ್ಷದ ಮೇಲೆ ಹಸಿವು ಮರಳಿ ಬಂತು. ನಡುವೆ ನಾಲ್ಕು ಕಿಲೋ ಏರಿತು, ಹೆದರಿಕೊಂಡು ಮೂರು ಇಳಿಸಿದೆ. ಹೊಟ್ಟೆಯ ಮೇಲೆ ಚರ್ಮ ಖಾಲಿ ಚೀಲದಂತೆ ಜೋಲುತ್ತದೆ. ಮೈಸೂರಿನ ಸಾಧಾರಣ ಚಳಿಗೂ ಸ್ವೆಟರು ಬೇಕು. ಒಂದು ಯುಗಾದಿಯಲ್ಲಿ ಅರ್ಧ ಒಬ್ಬಟ್ಟು ತಿಂದು, ಎದೆ ಡವಗುಟ್ಟಿ, ಬೆವತು, ಹಾಸಿಗೆ ಹಿಡಿದು ಮಲಗಿದ ಮೇಲೆ ಸಿಹಿಯ ಗೊಡವೆ ಬಿಟ್ಟಿದ್ದೇನೆ. ಸಕ್ಕರೆ ನೇರವಾಗಿ ಕರುಳಿಗೆ ಧುಮುಕಿದರೆ ಹೀಗಾಗುತ್ತದಂತೆ. ವಿದ್ಯಾರ್ಥಿಗಳಿಗೆ ಹಳೆಯ ಮೇಷ್ಟರ ನೆನಪಿಲ್ಲ. ಬಕವಧೆಯ ಪಾಠದಲ್ಲಿ ಈಗ ಯಾರೂ ನಗುವುದಿಲ್ಲ, ಪದ್ಯ ಸ್ವಲ್ಪ ಸಪ್ಪೆಯಾದಂತೆ ನನಗೇ ತೋರುತ್ತದೆ.

ಕಳೆದ ಸಂಕ್ರಾಂತಿಗೆ ಊರಿನಲ್ಲಿದ್ದೆವು. ಹಿತಕಿದ ಬೇಳೆಯ ಸಾರು. ತಮ್ಮ, ಅವನ ಮಕ್ಕಳು, ನನ್ನ ಹೆಂಡತಿ ಎಲ್ಲರೂ ಉಂಡು ಕೈತೊಳೆದು ಹೊರಗೆ ಕಿಚ್ಚು ಹಾಯಿಸುವ ಸಿದ್ಧತೆಗೆ ಹೋದರು. ಅಡುಗೆಮನೆಯಲ್ಲಿ ಉಳಿದವರು ನಾವಿಬ್ಬರು. ಅವ್ವನಿಗೆ ಮುಂದಿನ ನಾಲ್ಕು ಹಲ್ಲು ಬಿಟ್ಟರೆ ಇಲ್ಲ. ಕಾಳನ್ನು ವಸಡಿನಲ್ಲಿ ಅರೆದು ಅರೆದು ಉಣ್ಣುತ್ತಾಳೆ. ಹೊರಗೆ ಹಸುಗಳ ಗೆಜ್ಜೆ ಕೇಳಿಸಿ, ನಾನು ಬೇಗ ಮುಗಿಸೋಣವೆಂದು ಒಂದು ತುತ್ತನ್ನು ಹಾಗೆಯೇ ಗಂಟಲಿನತ್ತ ದೂಡಿದೆ. ಅವಳಿಗೆ ಅದು ಹೇಗೆ ತಿಳಿಯಿತೋ!

'ಅಗಿಯೋ' ಎಂದು ಗದರಿಸಿದಳು. 'ಹಸ ಎಲ್ಲಿಗೂ ಓಗಲ್ಲ.'